ಬೋರ್ಡಿನ ಮ್ಯಾಲಿನ ನಲವತ್ತು

ವೈನಿಯವರ, ಅಕ್ಕಂದಿರ, ಓಣಿಯ ಗೆಳತ್ಯಾರ, ಈ ಸಲ ಹಪ್ಪಳ-ಸಂಡಿಗಿ ಮಾತಲ್ಲ. ಕಾರು ಹೊಡೀಲಿಕ್ಕೆ ಬರದ ನಾನು ರಸ್ತೆ ಬಗ್ಗೆ ಬರೀತೀನಿ ಅಂದಾಗ ನಮ್ಮ ಮನಿಯವರಿಗೆ ನಗಿ ಬಂತು. ನಗಲಿ ಬಿಡ್ರಿ. ಹೊಡಿಯೋರು ಒಬ್ಬರು, ಕೂಡೋರು ನಾಲ್ಕು ಮಂದಿ. ಏನರೆ ಆದ್ರ ಐದೂ ಮಂದಿಗೆ ಆಗ್ತದ.

ರಸ್ತೆ ಬಾಜೂಕ ಕೆಂಪು ಅಂಚಿನ ದುಂಡನ ಬೋರ್ಡಿನೊಳಗ 40, 60, 80 ಅಂತ ಅಂಕಿ ಇರ್ತಾವಲ್ಲ, ಅವುಗಳ ಅರ್ಥ ನಮ್ಮ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು. ನಮ್ಮ ಮೈದುನನ ಪ್ರಕಾರ ಅದು ಲಾರಿಯವರಿಗೆ ಹಾಕಿದ್ದು. ಅಳಿಯಂದಿರು ಅದಕ್ಕ ಹತ್ತು ಕೂಡಿಸಿಕೊಂಡು ಓದ್ತಾರ. ಇನ್ನೊಬ್ಬರು ಅಷ್ಟು ಸ್ಪೀಡು ಹೋಗಲೇಬೇಕು ಅಂತ ಮಾಡ್ಯಾರ, ಮುಂದಿನವ ಸಾವಕಾಶ ಹೊಂಟ್ರ ಹಾರ್ನ್ ಹೊಡದು ಹೊಡದು ಅವನ ಜೀವ ತಿಂತಾರ. ತ್ರಿಕೋನ ಅಂದ್ರ ಎಚ್ಚರಿಕೆ, ನೀಲಿ ಬೋರ್ಡು ಅಂದ್ರ ಹೆಚ್ಚಾಗಿ ಮಾಹಿತಿ, ಕೆಂಪು ಅಂಚಿನ ದುಂಡು ಅಂದ್ರ ಅಪ್ಪಣೆ. ಆ ಅಂಕಿ ಮ್ಯಾಲಿನ ಮಿತಿ, ಮುಟ್ಟಬೇಕಾದ ಗುರಿ ಅಲ್ಲ. ಡಬ್ಬಿ ಮ್ಯಾಲೆ ಗೆರಿ ಇರ್ತದ, ಅದರ ಮ್ಯಾಲೆ ಹಿಟ್ಟು ತುಂಬಬಾರದು ಅಂತ. ಅರ್ಧ ತುಂಬಿದ್ರ ಯಾರೂ ಬೈಯೂದಿಲ್ಲ.

ಆದ್ರ ಎಲ್ಲಾ ತಪ್ಪು ಹೊಡಿಯೋರ ತಲಿ ಮ್ಯಾಲೆ ಹಾಕಿದ್ರ ನ್ಯಾಯ ಆಗೂದಿಲ್ಲ. ಕೇಂದ್ರ ಸರಕಾರ 2018ರಾಗ ಹೊರಡಿಸಿದ ಆದೇಶ ನೋಡ್ರಿ. ನಡುವೆ ಡಿವೈಡರ್ ಇರೋ ನಾಲ್ಕು ಲೇನಿನ ರಸ್ತೆದಾಗ ಕಾರಿಗೆ 100, ಬೈಕಿಗೆ 80. ಊರೊಳಗ ಕಾರಿಗೆ 70, ಬೈಕಿಗೆ 60, ಆಟೋಕ್ಕ 50. ಡ್ರೈವರ್ ಬಿಟ್ಟು ಎಂಟಕ್ಕಿಂತ ಹೆಚ್ಚು ಮಂದಿ ಕೂಡೋ ಗಾಡಿಗೆ ನಾಲ್ಕು ಲೇನಿನ್ಯಾಗ 90. ಅಂದ್ರ ನಾವು ಹೆಣ್ಮಕ್ಕಳೆಲ್ಲಾ ಕೂಡಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಮಂತ್ರಾಲಯಕ್ಕ ಹೊಂಟ್ರ, ಬಾಜೂದ ಕಾರಿನ ಮಿತಿ ಬ್ಯಾರೆ, ನಮ್ಮದು ಬ್ಯಾರೆ. ಮತ್ತ ಇವು ದೇಶಕ್ಕೆಲ್ಲಾ ಹೇಳಿದ ಮಿತಿ. ರಾಜ್ಯದವರು ಇದಕ್ಕಿಂತ ಕಡಿಮಿ ಇಡಬಹುದು. ಹಿಂಗಾದ ಮ್ಯಾಲೆ ಬೋರ್ಡಿಲ್ಲದ ಕಡೆ ಮನಿಷ್ಯಾ ಏನು ನೆನಪಿಡಬೇಕು?

ಬೆಂಗಳೂರು-ಮೈಸೂರು ದೊಡ್ಡ ರಸ್ತೆದ್ದೂ ಹಿಂಗ ಆತು. 2023ರಾಗ ಉದ್ಘಾಟನೆ ಆತು, ಮಂದಿ ಎಕ್ಸ್‌ಪ್ರೆಸ್‌ವೇ ಅಂತ ಕರದ್ರು. ಎಕ್ಸ್‌ಪ್ರೆಸ್‌ವೇ ಅಂದ್ರ ಆ ಆದೇಶದಾಗ 120 ಅದ, ಅದಕ್ಕ ಎಷ್ಟೋ ಮಂದಿ 120 ತಮ್ಮ ಹಕ್ಕು ಅಂತ ತಿಳಕೊಂಡ್ರು. ಅಲ್ಲಿ ಕಾರಿಗೆ ಇಟ್ಟದ್ದು 100. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರೂದು ಬಂದ್ ಮಾಡಿದ್ರು.

ಬೋರ್ಡು ಹಾಕೋರ ಮ್ಯಾಲೆ ನನ್ನ ಸಿಟ್ಟು ಬ್ಯಾರೆನ ಅದ. ಮಿತಿ ಸುರು ಆಗೂದು ತೋರಸ್ತಾರ, ಮುಗಿಯೂದು ತೋರಸೂದಿಲ್ಲ. ಮುಗೀತು ಅನ್ನೋದಕ್ಕೂ ಗುರುತು ಅದ, ಬಿಳೀ ದುಂಡಿನ ಮ್ಯಾಲೆ ಅಡ್ಡ ಕರೀ ಪಟ್ಟಿ. ನಿಮ್ಮೊಳಗ ಎಷ್ಟು ಮಂದಿ ನೋಡೀರಿ? ಬ್ರಿಜ್ ಕಟ್ಟೂ ಮುಂದ 40 ಅಂತ ನಿಲ್ಲಸ್ತಾರ, ಬ್ರಿಜ್ ಆಗಿ ವರ್ಷ ಆದ್ರೂ ಅದು ಅಲ್ಲೇ ಇರ್ತದ. ಖಾಲಿ ರಸ್ತೆದಾಗ ಸುಳ್ಳು 40 ನೋಡಿ ನೋಡಿ ರೂಢಿಯಾದವ, ಸಾಲಿ ಮುಂದಿನ ಖರೇ 40ನ್ನೂ ಸುಳ್ಳಂತನ ತಿಳೀತಾನ. ನನಗ ಹೆದರಿಕಿ ಅದರದ್ದು.

ಗೊಂದಲ ಬಂದ್ರ ಸಣ್ಣ ಅಂಕಿ ಹಿಡೀರಿ ಅನ್ನೋದು ನನ್ನ ವಾದ. ಯಾಕಂದ್ರ ಸೀರಿ ಲೆಕ್ಕ ಹಾಕಿ ನೋಡೀನಿ. ಒಂದು ಸೀರಿ ಐದೂವರಿ ಮೀಟರ್. 40ರಾಗ ಹೋಗೋ ಗಾಡಿ ಒಂದು ಸೆಕೆಂಡಿಗೆ ಎರಡು ಸೀರಿ ಉದ್ದ ಹೋಗ್ತದ, 60ರಾಗ ಮೂರು, 100ರಾಗ ಐದು. ಅಡ್ಡ ಬಂದ ಕೂಸಿನ್ನ ಕಂಡು ಕಾಲು ಬ್ರೇಕಿಗೆ ಹೋಗೂದರಾಗ ಒಂದು ಸೆಕೆಂಡು ಹೋಗೇ ಹೋಗ್ತದ. ಬ್ರೇಕು ಹಿಡಿಯೂದು ಆಮ್ಯಾಲಿನ ಮಾತು. ಐದು ಸೀರಿ ಅಂಗಳದಾಗ ಹಾಸಿ ನೋಡ್ರಿ, ನಮ್ಮ ಮನಿ ಗೇಟಿನಿಂದ ಹಿಟ್ಟಿನ ಗಿರಣಿತನಕಾ ಬರ್ತಾವ.

ಇದರ ಜೋಡಿ ಇನ್ನೊಂದು. ಲಾರಿಯವ ಬಲಗಡೆ ಲೈಟು ಮಿಣುಕಿಸಿದ್ರ ‘ಮುಂದ ಹೋಗು’ ಅಂತನೋ, ‘ನಾ ಬಲಕ್ಕ ಹೊಳ್ಳತೀನಿ’ ಅಂತನೋ? ಎರಡಕ್ಕೂ ಅದೇ ಲೈಟು! ನಿಯಮದಾಗ ಇರೋದು ಹೊಳ್ಳೋದಕ್ಕ ಮಾತ್ರ, ಇನ್ನೊಂದು ಡ್ರೈವರಂದಿರು ತಾವ ಹುಟ್ಟಿಸಿಕೊಂಡ ಭಾಷಾ. ಅದನ್ನ ನಂಬಿ ಓವರ್‌ಟೇಕ್ ಮಾಡೋರ ಬಾಜೂಕ ಕೂತಾಗ ನಾ ದೇವರ ನಾಮ ಬಿಟ್ಟು ಬ್ಯಾರೇನೂ ಅನ್ನೂದಿಲ್ಲ.

ದಂಡದಿಂದ ಬುದ್ಧಿ ಬರ್ತದ ಅಂತೀರೇನು? 2023ರ ಫೆಬ್ರುವರಿಯೊಳಗ ಹಳೇ ದಂಡಕ್ಕ ಅರ್ಧ ರಿಯಾಯಿತಿ ಅಂದ ಕೂಡಲೇ ನಮ್ಮ ರಾಜ್ಯದಾಗ ಮಂದಿ ಆಷಾಢದ ಸೀರಿ ಸೇಲಿಗೆ ನಿಂತಂಗ ಪಾಳಿ ಹಚ್ಚಿ ನಿಂತಿದ್ರು. ದಂಡ ಕಟ್ಟಿ ಬಂದವರು ಎಷ್ಟು ಉಳೀತು ಅಂತ ಹೇಳಿದ್ರ ಹೊರತು, ಎಲ್ಲಿ ಯಾವ ಬೋರ್ಡು ತಪ್ಪಿತ್ತು ಅಂತ ಒಬ್ಬರೂ ಹೇಳಲಿಲ್ಲ.

ನಮ್ಮ ಓಣಿ ಬಾಯಾಗೂ, ಸಾಲಿಗೆ ಇನ್ನೂ ನೂರು ಹೆಜ್ಜಿ ಇರೋ ಮುಂದ, ಒಂದು ಬೋರ್ಡು ಬೇವಿನ ಟೊಂಗಿ ಹಿಂದ ಮುಚ್ಚಿಹೋಗ್ಯದ. ಎಲಿ ಉದುರೋ ಕಾಲದಾಗಷ್ಟ 30 ಅಂತ ಕಾಣ್ತದ. ಟೊಂಗಿ ಕಡಸ್ರಿ ಅಂತ ಅರ್ಜಿ ಬರದಿಟ್ಟೀನಿ. ಸಹಿ ಮಾಡೋರು ಸಂಜಿ ದೀಪ ಹಚ್ಚಿದ ಮ್ಯಾಲೆ ಬರ್ರಿ, ಚಾಳೀಸು ತರೂದು ಮರೀಬ್ಯಾಡ್ರಿ, ಅಕ್ಷರ ಸಣ್ಣಾಗ್ಯಾವ.