ಅಡುಗೆಮನೆ ಎಂದರೆ ಅಷ್ಟು ಅಸಡ್ಡೆಯೇ?

ಯಲಹಂಕ ಉಪನಗರದಲ್ಲಿ ಈಚೆಗೆ ನಡೆದ ಪುಸ್ತಕ ಬಿಡುಗಡೆಯೊಂದರಲ್ಲಿ ಭಾಷಣಕಾರರೊಬ್ಬರು ಮತ್ತದೇ ಹಳೇ ರಾಗ ತೆಗೆದರು. ಹೆಂಗಸರ ಪ್ರೇಮಕಾದಂಬರಿಗಳಿಂದಲೇ ಕನ್ನಡದ ಓದು ಕೆಟ್ಟಿತಂತೆ. ಮುಂದಿನ ಸಾಲಿನವರು ತಲೆದೂಗಿದರು. ನನ್ನ ಪಕ್ಕ ಕೂತಿದ್ದ ಅಮ್ಮ ಮೆಲ್ಲಗೆ ಕೈಚೀಲದ ಜಿಪ್ ಎಳೆದುಕೊಂಡರು. ಒಳಗಿದ್ದದ್ದು ಸಾಯಿಸುತೆಯವರ ಕಾದಂಬರಿ. ನಲವತ್ತು ವರ್ಷದಿಂದ ಬಿಡದೆ ಓದುತ್ತಿರುವ ಹೆಂಗಸು ತನ್ನ ಪುಸ್ತಕವನ್ನು ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡದ್ದು ಕಂಡು ನನ್ನ ಹೊಟ್ಟೆ ಉರಿಯಿತು.

ಇಂಥ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂದು ಹಣೆಪಟ್ಟಿ ಹಚ್ಚಿದವರೇ, ಒಂದು ಪ್ರಶ್ನೆಗೆ ಉತ್ತರ ಕೊಡಿ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ ಇರುವುದೇನು? ಹೊಸ ಹೆಂಡತಿ, ತವರುಮನೆ, ಬಳೆಗಾರ, ಹುಸಿಮುನಿಸು. ಅದು ಕಾವ್ಯ, ನನಗೂ ಪ್ರಾಣ. ಅದೇ ಮನೆಯನ್ನು, ಅದೇ ಪ್ರೀತಿಯನ್ನು ತ್ರಿವೇಣಿ, ವಾಣಿ, ಉಷಾ ನವರತ್ನರಾಂ ಬರೆದಾಗ ಮಾತ್ರ ನಿಮಗೆ ಒಗ್ಗರಣೆಯ ಘಾಟು ಹೇಗೆ ಹತ್ತುತ್ತದೆ?

ಓದಿಯಾದರೂ ಬೈಯುತ್ತೀರಾ? ‘ಬೆಳ್ಳಿಮೋಡ’ದ ಇಂದಿರೆಯ ಆಸ್ತಿಗೆ ತಮ್ಮನೊಬ್ಬ ಹುಟ್ಟಿ ಪಾಲುದಾರನಾದ ಕೂಡಲೇ ಮದುವೆಯಾಗಬೇಕಿದ್ದವನು ಕೈಬಿಡುತ್ತಾನೆ. ಅವನೇ ಮರಳಿ ಬಂದಾಗ ಅವಳು ಒಲ್ಲೆ ಎನ್ನುತ್ತಾಳೆ. ‘ಶರಪಂಜರ’ ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣಿನ ಕಥೆ. ಬಾಣಂತಿಯ ಮನಸ್ಸಿಗೂ ಕಾಯಿಲೆ ಬರುತ್ತದೆಂದು ಎಷ್ಟೋ ಮನೆಗಳಿಗೆ ಮೊದಲು ಹೇಳಿದ್ದು ಈ ಕಾದಂಬರಿ, ವಿಮರ್ಶೆಯಲ್ಲ. ಇವೆರಡನ್ನೂ ಬರೆದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 34 ವರ್ಷ.

ಲೆಕ್ಕ ಕೇಳಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಡಲು ಶುರುಮಾಡಿದ್ದು 1955ರಲ್ಲಿ. ಕನ್ನಡದ ಲೇಖಕಿಯೊಬ್ಬರಿಗೆ ಅದು ಮೊದಲು ಸಿಕ್ಕಿದ್ದು 2004ರಲ್ಲಿ, ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ. ನಡುವೆ 49 ವರ್ಷ! ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ ಈ 49 ವರ್ಷದೊಳಗೇ ಬರೆದರು, ಇದರೊಳಗೇ ತೀರಿಕೊಂಡರು. ಕನ್ನಡಕ್ಕೆ ಬಂದ 8 ಜ್ಞಾನಪೀಠಗಳೂ ಗಂಡಸರಿಗೇ. ಹಣೆಪಟ್ಟಿ ಹಚ್ಚಿದ ಕೈಯೇ ಬಾಗಿಲಿನ ಅಗುಳಿಯನ್ನೂ ಹಾಕಿತು ಎನ್ನಲು ನನಗೆ ಬೇರೆ ಸಾಕ್ಷಿ ಬೇಡ.

ಓದು ಕೆಟ್ಟಿತೆನ್ನುವವರು ಕೆಡಿಸಿದವರು ಯಾರೆಂದು ನೋಡಲಿ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಕರದ ಹಣ ಪೂರ್ತಿಯಾಗಿ ಗ್ರಂಥಾಲಯ ಇಲಾಖೆಗೆ ಸಂದಿಲ್ಲ ಎಂಬ ಸುದ್ದಿ ವರ್ಷವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ಅಮ್ಮ ದಿನಬಾಡಿಗೆಗೆ ಪುಸ್ತಕ ತರುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಇದರ ಬಗ್ಗೆ ಯಾವ ವೇದಿಕೆಯೂ ಗುಡುಗಲಿಲ್ಲ. ಬೈಯಲು ಸಿಕ್ಕಿದ್ದು ಹೆಂಗಸರ ಕಾದಂಬರಿ ಮಾತ್ರ.

ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾದು, ‘ಸುಧಾ’, ‘ಪ್ರಜಾಮತ’ ವಾರಪತ್ರಿಕೆಗಳನ್ನು ಮನೆಮನೆಗೆ ತರಿಸಿದವರು ಈ ಓದುಗಿಯರು. ಕುಕ್ಕರ್ ಕೂಗುವುದರೊಳಗೆ ಎರಡು ಪುಟ ಮುಗಿಸಿ, ಕನ್ನಡದ ಓದನ್ನು ಕೈಬಿಡದೆ ಮಕ್ಕಳಿಗೆ ದಾಟಿಸಿದವರು. ನನಗೆ ಅಕ್ಷರದ ರುಚಿ ಹತ್ತಿದ್ದೂ ಆ ಅಡುಗೆಮನೆಯಲ್ಲೇ. ಅವರ ಮೇಲೆ ತೀರ್ಪು ಕೊಡುವ ಮೊದಲು ಭಾಷಣಕಾರರು ನಮ್ಮ ಮನೆಗೆ ಬರಲಿ, ಅಮ್ಮನ ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೊನೆಯ ಪುಟದವರೆಗೂ ಓದಲಿ. ಮಾತು ಆಮೇಲೆ.