ಕೆಲಸ ಹೋದಾಗ ಯಾವ ವಿಮೆ?

ಉತ್ತರ ಕನ್ನಡದ ದಾಂಡೇಲಿಯ ಕಾರ್ಖಾನೆ ಕಾರ್ಮಿಕನಿಗೆ ಊರಲ್ಲೇ ಇಎಸ್‌ಐ (ನೌಕರರ ರಾಜ್ಯ ವಿಮೆ) ಆಸ್ಪತ್ರೆಯಿದೆ. ಸಂಬಳದಲ್ಲಿ ಶೇ 0.75ರಷ್ಟು ವಂತಿಗೆ ಅವನದು, ಶೇ 3.25ರಷ್ಟು ಮಾಲೀಕರದು, ಮನೆಮಂದಿಗೆಲ್ಲ ಚಿಕಿತ್ಸೆ. ಕಾರ್ಖಾನೆಯ ಹೊಗೆ ಏಳುವಷ್ಟು ದಿನ ಈ ಏರ್ಪಾಡಿಗೆ ಕುಂದಿಲ್ಲ. ಆದರೆ ಪ್ಲೈವುಡ್, ಫೆರೋ ಕಾರ್ಖಾನೆಗಳು ಬೀಗ ಹಾಕಿದ್ದನ್ನೂ ಇದೇ ಊರು ಕಂಡಿದೆ. ಕೆಲಸ ಹೋದರೆ ವಂತಿಗೆ ನಿಲ್ಲುತ್ತದೆ, ಕಟ್ಟಿದ ವಂತಿಗೆಗೆ ಸಿಗುವ ಅವಧಿ ಮುಗಿದ ಮೇಲೆ ಚಿಕಿತ್ಸೆಯೂ ನಿಲ್ಲುತ್ತದೆ. ಕೈಯಲ್ಲಿ ಕಾಸಿಲ್ಲದ ಹೊತ್ತಿಗೇ ಕೈಬಿಡುವ ವಿಮೆ ಇದು.

ಹಳಿಯಾಳದಲ್ಲಿ ಕಬ್ಬು ಕಡಿಯುವವರು, ಜೋಯಿಡಾದ ಕುಣಬಿಗಳು, ಮುಂಡಗೋಡದ ಸಿದ್ದಿಗಳಲ್ಲಿ ಬಹುಪಾಲು ಜನರಿಗೆ ಇಎಸ್‌ಐ ಸಿಕ್ಕಿದ್ದೇ ಇಲ್ಲ. ಅವರಿಗಿರುವುದು ಬಿಪಿಎಲ್ ಕಾರ್ಡು ಮತ್ತು 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ. ಇದರ ಖರ್ಚು ಸಂಬಳದಿಂದಲ್ಲ, ತೆರಿಗೆಯಿಂದ ಬರುವುದರಿಂದ ನೌಕರಿ ಇರಲಿ, ಹೋಗಲಿ, ಕಾರ್ಡು ಉಳಿಯುತ್ತದೆ. ಬಡವರ ವಿಮೆ ತೆರಿಗೆ ಹಣದಲ್ಲೇ ನಡೆಯಬೇಕು ಎನ್ನುವುದು ಇದಕ್ಕೇ.

ಇಂಥ ಕಾರ್ಡಿನಿಂದ ಜೀವ ಉಳಿಯುತ್ತದೆಯೇ? ಇದರ ಹಿರಿಯಕ್ಕನಂತಿದ್ದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಬಂದದ್ದು ಕಲಬುರಗಿ ವಿಭಾಗಕ್ಕೆ. ಯೋಜನೆ ತಲುಪಿದ ಮತ್ತು ತಲುಪದ ಗಡಿಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಯೊಳಗಿನ ಕಾಯಿಲೆಗಳಿಂದಾದ ಬಡವರ ಸಾವು ತಲುಪಿದ ಹಳ್ಳಿಗಳಲ್ಲಿ ಶೇ 64ರಷ್ಟು ಕಡಿಮೆಯಿತ್ತು ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ವರದಿ ಮಾಡಿತು. ಕಾರ್ಡನ್ನು ಗೇಲಿ ಮಾಡುವವರು ಈ ಅಂಕಿ ನೋಡಬೇಕು.

ಕಾರ್ಡನ್ನೇ ಆಸ್ಪತ್ರೆ ಎಂದು ಬಗೆಯುವವರು ಜೋಯಿಡಾ ನೋಡಬೇಕು. ಕಾಡಿನೊಳಗಿನ ಹಳ್ಳಿಯಿಂದ ದಾಂಡೇಲಿ ತಲುಪಿದರೂ ದೊಡ್ಡ ಕಾಯಿಲೆಗೆ ಧಾರವಾಡ, ಹುಬ್ಬಳ್ಳಿಯೇ ಗತಿ. ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಚಾರ್ಜು ಉಳಿಯಿತು ನಿಜ. ಜೊತೆಗೆ ಹೋದ ಗಂಡಸಿನ ಟಿಕೆಟ್ಟು, ಊಟ, ತಪ್ಪಿದ ಕೂಲಿ? ಸಕ್ಕರೆ ಕಾಯಿಲೆಗೆ, ಬಿಪಿಗೆ ದಿನವೂ ನುಂಗುವ ಮಾತ್ರೆ ಈ ವಿಮೆಯ ಲೆಕ್ಕಕ್ಕೇ ಬರುವುದಿಲ್ಲ. 2022ರ ಜುಲೈನಲ್ಲಿ ಹೊನ್ನಾವರದ ರೋಗಿಯನ್ನು ಜಿಲ್ಲೆಯ ಹೊರಗಿನ ಆಸ್ಪತ್ರೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಸತ್ತಾಗ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡವೇ ದನಿ ಎತ್ತಿತು.

ಆರ್ಥಿಕ ಮುಗ್ಗಟ್ಟಿನಲ್ಲಿ ಇದಕ್ಕೆಲ್ಲ ದುಡ್ಡೆಲ್ಲಿ ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಥಾಯ್ಲೆಂಡ್ 1997ರಲ್ಲಿ ನೆಲಕಚ್ಚಿತ್ತು. ನಾಲ್ಕೇ ವರ್ಷಕ್ಕೆ, 2001ರಲ್ಲಿ, 30 ಬಾತ್ ಕೊಟ್ಟರೆ ಚಿಕಿತ್ಸೆ ಎಂಬ ಯೋಜನೆ ತಂದಿತು. ಅದು ನಡೆದದ್ದು ಹಳ್ಳಿಗಾಡಿನಲ್ಲಿ ಮೊದಲೇ ಕಟ್ಟಿದ್ದ ಸರ್ಕಾರಿ ಆಸ್ಪತ್ರೆಗಳ ಬಲದಿಂದ.

ಆದಾಯ ಕುಸಿದ ವರ್ಷ ಸರ್ಕಾರ ಯಾವ ಕಾಮಗಾರಿಯನ್ನಾದರೂ ಮುಂದೂಡಲಿ, ಜೋಯಿಡಾ, ಮುಂಡಗೋಡದಂಥ ತಾಲ್ಲೂಕು ಆಸ್ಪತ್ರೆಗಳ ತಜ್ಞ ವೈದ್ಯರ ಹುದ್ದೆಗೂ ಔಷಧಿಗೂ ಕತ್ತರಿ ಹಾಕಬಾರದು.