ವೈದ್ಯರಿಲ್ಲದ ರಿಂಗ್‌ನಲ್ಲಿ ಗಂಟೆ ಬಾರಿಸಬೇಡಿ

ಬ್ರಿಟಿಷ್ ಬಾಕ್ಸರ್‌ಗಳ ಅತಿ ರೋಚಕ ಪಂದ್ಯಗಳ ಪಟ್ಟಿಯನ್ನು ಯಾರೇ ಮಾಡಲಿ, ಎರಡು ಪಂದ್ಯ ಅದರಲ್ಲಿ ಇದ್ದೇ ಇರುತ್ತವೆ. ಒಂದು, 1991ರ ಸೆಪ್ಟೆಂಬರ್ 21ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್ ಫುಟ್‌ಬಾಲ್ ಮೈದಾನದಲ್ಲಿ ಕ್ರಿಸ್ ಯುಬ್ಯಾಂಕ್ ಮತ್ತು ಮೈಕಲ್ ವಾಟ್ಸನ್ ಸೆಣಸಿದ್ದು. ಇನ್ನೊಂದು, 1995ರ ಫೆಬ್ರವರಿ 25ರಂದು ಲಂಡನ್ ಅರೀನಾದಲ್ಲಿ ನೈಜೆಲ್ ಬೆನ್ ಮತ್ತು ಅಮೆರಿಕದ ಜೆರಾಲ್ಡ್ ಮೆಕ್ಲೆಲನ್ ಎದುರಾದದ್ದು. ಮೊದಲ ಸುತ್ತಿನಲ್ಲೇ ಹಗ್ಗದಾಚೆ ಉರುಳಿಬಿದ್ದ ಬೆನ್ ಮತ್ತೆ ಹತ್ತಿಬಂದು ಹತ್ತನೇ ಸುತ್ತಿನಲ್ಲಿ ಗೆದ್ದ ಪಂದ್ಯ ಅದು. ಎರಡೂ ಪಂದ್ಯಗಳಲ್ಲಿ ಸೋತವರು ಮನೆಗೆ ಹೋಗಲಿಲ್ಲ, ಮಿದುಳಿನ ಶಸ್ತ್ರಚಿಕಿತ್ಸೆಗೆ ಹೋದರು. ಮೆಕ್ಲೆಲನ್ ಕಣ್ಣು ಕಳೆದುಕೊಂಡರು. ವಾಟ್ಸನ್ 40 ದಿನ ಕೋಮಾದಲ್ಲಿದ್ದರು.

ಈ ಪಂದ್ಯಗಳ ತುಣುಕುಗಳು ಇಂದು ಮುಂಬಯಿಯ ಚೆಂಬೂರಿನ ಹುಡುಗರ ಮೊಬೈಲ್‌ನಲ್ಲೂ ಓಡುತ್ತವೆ. ಆದರೆ ತುಣುಕು ನಿಲ್ಲುವುದು ರೆಫರಿ ಪಂದ್ಯ ನಿಲ್ಲಿಸಿದ ಕಡೆ. ಆಮೇಲಿನ ಅರ್ಧ ಗಂಟೆ ಅದರಲ್ಲಿಲ್ಲ. ಕಲಿಯಬೇಕಾದ ಪಾಠವೆಲ್ಲ ಆ ಅರ್ಧ ಗಂಟೆಯಲ್ಲೇ ಇದೆ. ಬ್ರಿಟನ್ ಅದನ್ನು ನ್ಯಾಯಾಲಯದಲ್ಲಿ ಏಟು ತಿಂದು ಕಲಿಯಿತು. ಬೆಂಗಳೂರಿನಲ್ಲಿ ಒಂದು ಜೀವ ಹೋದ ಮೇಲೂ ನಾವು ಕಲಿತಿಲ್ಲ.

ವಾಟ್ಸನ್ ಪಂದ್ಯವನ್ನೇ ನೋಡಿ. ಹನ್ನೊಂದನೇ ಸುತ್ತಿನ ಹೊತ್ತಿಗೆ ಮೂವರೂ ತೀರ್ಪುಗಾರರ ಲೆಕ್ಕದಲ್ಲಿ ಅವರು ಮುಂದಿದ್ದರು. ಯುಬ್ಯಾಂಕ್‌ರನ್ನು ಕೆಡವಿಯೂ ಆಗಿತ್ತು. ಎದ್ದ ಯುಬ್ಯಾಂಕ್ ಕೆಳಗಿನಿಂದ ಗದ್ದಕ್ಕೆ ಕೊಟ್ಟ ಒಂದು ಗುದ್ದಿಗೆ ವಾಟ್ಸನ್ ಹಿಂದಕ್ಕೆ ಬಿದ್ದರು, ಕತ್ತು ಹಗ್ಗಕ್ಕೆ ಬಡಿಯಿತು. ಹನ್ನೆರಡನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ರಿಂಗ್ ಸುತ್ತ ಗದ್ದಲ, ತಳ್ಳಾಟ. ವೈದ್ಯರು ಅವರ ಬಳಿ ತಲುಪಲು ಏಳೆಂಟು ನಿಮಿಷ ಹಿಡಿಯಿತು. ರಿಂಗ್ ಬದಿಯಲ್ಲೇ ಉಸಿರಾಟ ಸರಿಪಡಿಸಿ ಆಮ್ಲಜನಕ ಕೊಡುವ ಏರ್ಪಾಟು ಇರಲಿಲ್ಲ. ಮೊದಲು ಒಯ್ದ ನಾರ್ತ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗವಿರಲಿಲ್ಲ. ಅಲ್ಲಿಂದ ಸೇಂಟ್ ಬಾರ್ತಲೊಮ್ಯೂಸ್‌ಗೆ ಸಾಗಿಸಬೇಕಾಯಿತು. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟುವಾಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಏಟಿಗೆ ಮಿದುಳಿನ ಮೇಲ್ಮೈಯ ಸಣ್ಣ ರಕ್ತನಾಳ ಹರಿಯುತ್ತದೆ, ಸೋರಿದ ರಕ್ತ ಹೊರಬರಲು ದಾರಿಯಿಲ್ಲದೆ ಮಿದುಳನ್ನೇ ಒತ್ತುತ್ತದೆ. ಮೊದಲ ಕೆಲವು ನಿಮಿಷ ಆಟಗಾರ ಮಾತಾಡುತ್ತಲೂ ಇರಬಹುದು. ಕೈಗವಸು ಕಾಯುವುದು ಹೊಡೆಯುವವನ ಬೆರಳುಗಳನ್ನು, ತಿನ್ನುವವನ ಮಿದುಳನ್ನಲ್ಲ.

ವಾಟ್ಸನ್ ಮೊಕದ್ದಮೆ ಹೂಡಿದ್ದು ಯುಬ್ಯಾಂಕ್ ಮೇಲಲ್ಲ, ಬ್ರಿಟಿಷ್ ಬಾಕ್ಸಿಂಗ್ ನಿಯಂತ್ರಣ ಮಂಡಳಿಯ ಮೇಲೆ. 'ನಾವು ನಿಯಮ ಮಾಡುವವರಷ್ಟೇ, ಪಂದ್ಯ ನಡೆಸಿದವರು ಬೇರೆ' ಎಂಬ ಧಾಟಿಯ ವಾದ ನಿಲ್ಲಲಿಲ್ಲ. 1999ರಲ್ಲಿ ಹೈಕೋರ್ಟ್, 2000ದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ವಾಟ್ಸನ್ ಪರ ತೀರ್ಪಿತ್ತವು. ಸುರಕ್ಷತೆಯ ನಿಯಮ ತನ್ನದೇ ಎನ್ನುವ ಸಂಸ್ಥೆ ಆಟಗಾರನ ಜೀವದ ಹೊಣೆಯನ್ನೂ ಹೊರಬೇಕು ಎಂಬುದು ಅದರ ಸಾರ. ಮಂಡಳಿ ದಿವಾಳಿಯ ಅಂಚಿಗೆ ಬಂತು. ಕೊನೆಗೆ ವಾಟ್ಸನ್‌ಗೆ ಸಿಕ್ಕಿದ್ದು 4 ಲಕ್ಷ ಪೌಂಡ್. ಆದರೆ ಆ ದುರಂತದ ಬೆನ್ನಿಗೇ ನಿಯಮಗಳು ಬಿಗಿಯಾಗಿದ್ದವು. 1995ರಲ್ಲಿ ಮೆಕ್ಲೆಲನ್ ಕುಸಿದಾಗ ರಿಂಗ್ ಬದಿಯಲ್ಲಿ ಅರಿವಳಿಕೆ ತಜ್ಞರೇ ಇದ್ದರು. ಅವರ ಕಣ್ಣು ಉಳಿಯಲಿಲ್ಲ, ಜೀವ ಉಳಿಯಿತು.

ಈಗ ನಮ್ಮ ಕಡೆ ಬನ್ನಿ. 2022ರ ಜುಲೈಯಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆ ವ್ಯಾಪ್ತಿಯ ಕಟ್ಟಡವೊಂದರಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯ ನಡೆಯಿತು. ಮೈಸೂರಿನಿಂದ ಬಂದಿದ್ದ 23 ವರ್ಷದ ಯುವಕ ಎದುರಾಳಿಯ ಏಟಿಗೆ ಕುಸಿದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯರಿರಲಿಲ್ಲ, ಆಮ್ಲಜನಕವಿರಲಿಲ್ಲ, ಸ್ಟ್ರೆಚರ್ ಕೂಡ ಇರಲಿಲ್ಲ ಎಂದು ಮನೆಯವರು ಆರೋಪಿಸಿದರು. ಸಂಘಟಕರ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಪ್ರಕರಣ ದಾಖಲಾಯಿತು. ಅವನು ಕುಸಿಯುವ ವಿಡಿಯೋ ಊರೂರು ಸುತ್ತಿತು, ಟಿವಿಯಲ್ಲಿ ಚರ್ಚೆಯಾಯಿತು. ಚರ್ಚೆ ಹೋದದ್ದು ಮಾತ್ರ ಎರಡೇ ದಾರಿಯಲ್ಲಿ. ಈ ಆಟವನ್ನೇ ನಿಷೇಧಿಸಿ ಎಂದರು ಕೆಲವರು. ಆಟವೆಂದ ಮೇಲೆ ಏಟು ಇದ್ದದ್ದೇ ಎಂದರು ಉಳಿದವರು. ಪಂದ್ಯಕ್ಕೆ ಅನುಮತಿ ಕೊಡುವ ಮುನ್ನ ವೈದ್ಯರ ಹೆಸರು ಕೇಳುವವರು ಯಾರು ಎಂಬ ಪ್ರಶ್ನೆ ಮೂಲೆಗೆ ಸರಿಯಿತು.

ಆ ಪ್ರಶ್ನೆ ಚೆಂಬೂರಿಗೂ ಸಲ್ಲುತ್ತದೆ. ತಿಲಕ್ ನಗರದಿಂದ ಛೇಡಾ ನಗರದವರೆಗೆ, ಠಕ್ಕರ್ ಬಾಪಾ ಕಾಲನಿಯಿಂದ ಘಾಟ್ಲಾವರೆಗೆ ಕರಾಟೆ, ಕಿಕ್‌ಬಾಕ್ಸಿಂಗ್, ಎಂಎಂಎ ತರಗತಿಗಳ ಬೋರ್ಡುಗಳಿಗೆ ಬರವಿಲ್ಲ. ಹೋಟೆಲು, ಬ್ಯಾಂಕುಗಳಲ್ಲಿ ದುಡಿದ ತಲೆಮಾರಿನ ಕನ್ನಡಿಗರ ಮೊಮ್ಮಕ್ಕಳು ಅಲ್ಲಿ ಬೆವರಿಳಿಸುತ್ತಿದ್ದಾರೆ. ಸಂತೋಷವೇ. ಆದರೆ ಭಾನುವಾರದ ಅಂತರ್-ತರಗತಿ ಪಂದ್ಯವೊಂದಕ್ಕೆ ಹೋಗಿ ನೋಡಿ. ಶಾಲೆಯ ಸಭಾಂಗಣ, ನೆಲಕ್ಕೆ ಜೋಡಿಸಿದ ಫೋಮ್ ಮ್ಯಾಟ್, ವೇದಿಕೆಯ ಮೇಲೆ ಎತ್ತರದ ಟ್ರೋಫಿಗಳ ಸಾಲು, ಮುಖ್ಯ ಅತಿಥಿಗೆ ಶಾಲು-ತೆಂಗಿನಕಾಯಿ. ಮೂಲೆಯ ಮೇಜಿನ ಮೇಲೆ ಪ್ರಥಮ ಚಿಕಿತ್ಸೆ: ಒಂದು ನೋವಿನ ಸ್ಪ್ರೇ, ಹತ್ತಿಯ ಉಂಡೆ, ಐಸ್ ತುಂಬಿದ ಪ್ಲಾಸ್ಟಿಕ್ ಚೀಲ. 'ಡಾಕ್ಟರ್ ಎಲ್ಲಿ?' ಎಂದು ನಾನು ಕೇಳಿದ್ದಕ್ಕೆ ಸಿಕ್ಕ ಉತ್ತರ, 'ಫೋನ್ ಮಾಡಿದರೆ ಬರುತ್ತಾರೆ ಸರ್, ಕ್ಲಿನಿಕ್ ಇಲ್ಲೇ ಪಕ್ಕದಲ್ಲಿ.' ಪಂದ್ಯ ಅಂದುಕೊಂಡಂತೆ ನಡೆಯಿತು, ಏನೂ ಆಗಲಿಲ್ಲ. ಆಗುವ ದಿನದವರೆಗೆ ಯಾವ ಪಂದ್ಯದಲ್ಲೂ ಏನೂ ಆಗುವುದಿಲ್ಲ.

ಪಕ್ಕದ ಕ್ಲಿನಿಕ್ ತಲೆಬುರುಡೆ ತೆರೆಯುವುದಿಲ್ಲ. ಇಂಥ ಪೆಟ್ಟಿಗೆ ನಮಗಿರುವ ದೊಡ್ಡ ಸಾರ್ವಜನಿಕ ಆಸರೆ ಸಾಯನ್ ಆಸ್ಪತ್ರೆ. ನಕಾಶೆಯಲ್ಲಿ ಅದು ಹತ್ತಿರವೇ. ಸಂಜೆಯ ಹೊತ್ತು ಸಾಯನ್-ಟ್ರಾಂಬೆ ರಸ್ತೆಯಲ್ಲಿ ಸಿಕ್ಕಿಬಿದ್ದವರಿಗೆ ಆ ಹತ್ತಿರ ಎಷ್ಟು ದೂರವೆಂದು ಗೊತ್ತು. ಆದ್ದರಿಂದಲೇ ಆಂಬುಲೆನ್ಸ್ ಬಾಗಿಲಲ್ಲಿ ನಿಂತಿರಬೇಕು, ಯಾವ ಆಸ್ಪತ್ರೆಗೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು, ಆ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿರಬೇಕು. ವಾಟ್ಸನ್ ವಿಷಯದಲ್ಲಿ ಆಸ್ಪತ್ರೆಯ ಆಯ್ಕೆಯೇ ತಪ್ಪಿತ್ತು.

ಇದಕ್ಕೆಲ್ಲ ದುಡ್ಡೆಲ್ಲಿ ಎನ್ನುತ್ತಾರೆ ಸಂಘಟಕರು. ಟ್ರೋಫಿಗಿದೆ, ಫ್ಲೆಕ್ಸ್‌ಗಿದೆ, ಧ್ವನಿವರ್ಧಕಕ್ಕಿದೆ. ಪ್ರತಿ ಆಟಗಾರನಿಂದ ಪ್ರವೇಶ ಶುಲ್ಕವೂ ಬರುತ್ತದೆ. ಒಬ್ಬ ವೈದ್ಯ, ಒಂದು ಆಂಬುಲೆನ್ಸ್, ಒಂದು ಆಮ್ಲಜನಕದ ಸಿಲಿಂಡರ್‌ನ ಖರ್ಚು ಹೊರಲಾಗದ ಪಂದ್ಯ ನಡೆಯದಿದ್ದರೆ ಕ್ರೀಡೆಗೆ ನಷ್ಟವೇನೂ ಇಲ್ಲ.

ಅಪಾಯ ಗೊತ್ತಿದ್ದೇ ರಿಂಗ್‌ಗೆ ಇಳಿಯುತ್ತಾರಲ್ಲ ಎಂಬುದು ಎರಡನೇ ವಾದ. ವಾಟ್ಸನ್‌ಗೂ ಗೊತ್ತಿತ್ತು. ಗುದ್ದು ತಿನ್ನಲು ಒಪ್ಪಿದವನು ಚಿಕಿತ್ಸೆ ಇಲ್ಲದೆ ಬಿದ್ದಿರಲೂ ಒಪ್ಪಿದ್ದಾನೆ ಎಂದಾಗುವುದಿಲ್ಲ. ಹದಿನಾಲ್ಕರ ಹುಡುಗನ ಪರವಾಗಿ ಅಪ್ಪ ಸಹಿ ಹಾಕಿದ ಮುಚ್ಚಳಿಕೆ ತೋರಿಸಿ ಈ ಹೊಣೆಯಿಂದ ಜಾರಿಕೊಳ್ಳುವುದು ಇನ್ನೂ ಕೆಟ್ಟದ್ದು.

ಹಾಗಾದರೆ ನಿಷೇಧಿಸಿಬಿಡಿ ಎನ್ನುವವರ ಜೊತೆಗೂ ನನ್ನ ಜಗಳವಿದೆ. ಬ್ರಿಟನ್ನಿನ ವೈದ್ಯರ ಸಂಘ 1982ರಿಂದ ಬಾಕ್ಸಿಂಗ್ ನಿಷೇಧ ಕೇಳುತ್ತ ಬಂದಿದೆ. ಅವರ ಕಾಳಜಿ ಸುಳ್ಳಲ್ಲ. ಆದರೆ ವೃತ್ತಿಪರ ಬಾಕ್ಸಿಂಗನ್ನು ದಶಕಗಳ ಕಾಲ ನಿಷೇಧಿಸಿದ್ದ ಸ್ವೀಡನ್, ನಾರ್ವೆಗಳೇ ಕೊನೆಗೆ ಬಾಗಿಲು ತೆರೆದವು. ನಮ್ಮಲ್ಲಿ ನಿಷೇಧಿಸಿದರೆ ಆಟ ನಿಲ್ಲುವುದಿಲ್ಲ, ಬೀಗ ಹಾಕಿದ ಗೋದಾಮಿಗೆ ಹೋಗುತ್ತದೆ. ಅಲ್ಲಿಗೆ ಆಂಬುಲೆನ್ಸ್ ಬರುವ ಆಸೆಯೂ ಇಲ್ಲ. ಇನ್ನು, 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಾಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ ಚಿನ್ನ ಗೆದ್ದರು. ಮೀನಾಕ್ಷಿ ಹರಿಯಾಣದ ಆಟೋ ಚಾಲಕರ ಮಗಳು. ಅಂಥ ಮನೆಗಳ ಹೆಣ್ಣುಮಕ್ಕಳಿಗೆ ತೆರೆದಿರುವ ದಾರಿಯನ್ನು ಮುಚ್ಚುವ ಹಕ್ಕು, ಸೋಫಾದ ಮೇಲೆ ಕೂತು ಮರುಗುವ ನಮಗಿಲ್ಲ.

ಸರ್ಕಾರಕ್ಕೆ ಮನಸ್ಸಿದ್ದರೆ ಆಗದ್ದಲ್ಲ ಎಂಬುದಕ್ಕೆ ನಮ್ಮ ಬೀದಿಯ ಮೊಸರು ಕುಡಿಕೆ, ಅಂದರೆ ದಹಿ ಹಂಡಿಯೇ ಸಾಕ್ಷಿ. ಬೆಂಗಳೂರಿನ ಸಾವಾದ ಮರುತಿಂಗಳೇ, 2022ರ ಆಗಸ್ಟ್‌ನಲ್ಲಿ, ಮಹಾರಾಷ್ಟ್ರ ಸರ್ಕಾರ ದಹಿ ಹಂಡಿಗೆ ಸಾಹಸ ಕ್ರೀಡೆಯ ಸ್ಥಾನ ಕೊಟ್ಟಿತು, ಮಡಕೆ ಒಡೆಯಲು ಮಾನವ ಗೋಪುರ ಕಟ್ಟುವ ಗೋವಿಂದ ಸತ್ತರೆ ಮನೆಯವರಿಗೆ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಅದಕ್ಕೂ ಮೊದಲು ಎಳೆಯ ಮಕ್ಕಳನ್ನು ಮೇಲೆ ಹತ್ತಿಸಬಾರದೆಂದು ಬಾಂಬೆ ಹೈಕೋರ್ಟ್ ಮಧ್ಯೆ ಬಂದಿತ್ತು. ಗೋವಿಂದ ತಂಡಗಳ ಹಿಂದೆ ಮತಗಳಿವೆ, ರಿಂಗ್‌ನ ಹುಡುಗನ ಹಿಂದೆ ಅವನ ಕೋಚ್ ಒಬ್ಬನೇ. ವ್ಯತ್ಯಾಸ ಇಷ್ಟೇ ಎನ್ನದೆ ವಿಧಿಯಿಲ್ಲ.

ದೊಡ್ಡ ದುಡ್ಡಿದ್ದ ಕಡೆ ಎಚ್ಚರಿಕೆ ತಾನಾಗಿ ಬರುತ್ತದೆ. 2025ರ ಏಪ್ರಿಲ್ 26ರಂದು ಯುಬ್ಯಾಂಕ್ ಮತ್ತು ಬೆನ್ ಅವರ ಮಕ್ಕಳು, ಕ್ರಿಸ್ ಯುಬ್ಯಾಂಕ್ ಜೂನಿಯರ್ ಮತ್ತು ಕಾನರ್ ಬೆನ್, ಟಾಟನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಕಾದಾಡಿದರು. ವಾಟ್ಸನ್ ಬಿದ್ದ ಹಳೆಯ ಮೈದಾನವಿದ್ದ ಕಡೆಯೇ ಅದು ಎದ್ದಿದೆ. ಹಿಂದಿನ ದಿನ ತೂಕದಲ್ಲಿ ಕೂದಲೆಳೆಯಷ್ಟು ಹೆಚ್ಚಾದದ್ದಕ್ಕೆ ಯುಬ್ಯಾಂಕ್ ಜೂನಿಯರ್ 3,75,000 ಪೌಂಡ್ ದಂಡ ತೆತ್ತರು. ಹನ್ನೆರಡು ಸುತ್ತು ಮುಗಿದ ಮೇಲೆ ಇಬ್ಬರೂ ತಪಾಸಣೆಗೆ ಆಸ್ಪತ್ರೆಗೆ ಹೋದರು. ಅಲ್ಲೂ ಎಲ್ಲವೂ ಸರಿಯಿದೆ ಎಂದಲ್ಲ. ತೂಕ ಇಳಿಸಲು ಮೈಯ ನೀರು ಹಿಂಡುವ ಪದ್ಧತಿ ಇನ್ನೂ ಹೋಗಿಲ್ಲ. ಆದರೆ ಕುಸಿದವನನ್ನು ಯಾರು ಎತ್ತಬೇಕು, ಎಲ್ಲಿಗೆ ಒಯ್ಯಬೇಕು ಎಂಬುದು ಅಲ್ಲಿ ಮೊದಲೇ ಬರೆದಿಟ್ಟಿರುತ್ತದೆ.

ನಮಗೆ ಬೇಕಿರುವುದೂ ಅಷ್ಟೇ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾನ್ಯತೆ ಪಡೆದ ಸಂಸ್ಥೆಗಳ ಆಡಳಿತವನ್ನು ನೋಡಿಕೊಳ್ಳುತ್ತದೆ, ಗಲ್ಲಿಯ ಪಂದ್ಯವನ್ನಲ್ಲ. ಅದನ್ನು ಹಿಡಿಯಲು ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಸಾರ್ವಜನಿಕ ಮನರಂಜನೆಗೆ ನಿಯಮ ಹಾಕುವ ಅಧಿಕಾರ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯಲ್ಲೇ ಇದೆ. ಧ್ವನಿವರ್ಧಕಕ್ಕೆ ಪರವಾನಗಿ ಕೇಳುವ ಠಾಣೆ, ಗುದ್ದಾಟದ ಪಂದ್ಯಕ್ಕೆ ವೈದ್ಯರ ಒಪ್ಪಿಗೆ ಪತ್ರವನ್ನೂ ಆಂಬುಲೆನ್ಸ್‌ನ ನಂಬರನ್ನೂ ಕೇಳಲಿ. ಕರ್ನಾಟಕದ ಗೃಹ ಇಲಾಖೆಯೂ ಹಾಗೇ ಆದೇಶ ಹೊರಡಿಸಲಿ.

ಅಷ್ಟರವರೆಗೆ ಚೆಂಬೂರಿನ ಕನ್ನಡಿಗರು ಕೈಕಟ್ಟಿ ಕೂರಬೇಕಿಲ್ಲ. ಚೆಂಬೂರು ಕರ್ನಾಟಕ ಸಂಘ ಕಾನೂನು ಕಾಲೇಜನ್ನೇ ನಡೆಸುತ್ತಿದೆ. ವಾಟ್ಸನ್ ತೀರ್ಪನ್ನು ಅಲ್ಲಿನ ವಿದ್ಯಾರ್ಥಿಗಳು ಊರಿನ ಕೋಚ್‌ಗಳ ಮುಂದಿಟ್ಟು ವಿವರಿಸಲಿ. ಸಭಾಂಗಣ ಬಾಡಿಗೆಗೆ ಕೊಡುವ ಎಲ್ಲ ಸಂಘ, ಶಾಲೆಗಳು ಕರಾರಿಗೆ ಒಂದು ಸಾಲು ಸೇರಿಸಲಿ: ವೈದ್ಯರು ಬಂದು ಕೂರದೆ ಮೊದಲ ಪಂದ್ಯ ಶುರುವಾಗಕೂಡದು, ಅವರು ಎದ್ದುಹೋದರೆ ಮುಂದಿನ ಪಂದ್ಯವಿಲ್ಲ. ಮಕ್ಕಳನ್ನು ಕರೆತರುವ ಅಪ್ಪ-ಅಮ್ಮಂದಿರು ಎದುರಾಳಿ ಯಾರೆಂದು ಕೇಳುವ ಮೊದಲು ಡಾಕ್ಟರ್ ಯಾರೆಂದು ಕೇಳಲಿ. ಉತ್ತರ 'ಫೋನ್ ಮಾಡಿದರೆ ಬರುತ್ತಾರೆ' ಎಂದಾದರೆ, ಶುಲ್ಕ ವಾಪಸು ಕೇಳಿ ಮಗುವನ್ನು ಮನೆಗೆ ಕರೆದುಕೊಂಡು ಹೋಗಲಿ.